ಬೆಳಕಿನ ಓಲೆಯೂ ಗಾಳಿಯ ಸುಳಿಯೂ



ಆಲೆಮನೆಯಲ್ಲಿ ಕಬ್ಬಿನ ಹಾಲು ಕುದಿಯುತ್ತಿರುವಾಗ ಒಲೆಯ ಆಚೆಗೆ ನಿಂತವನ ಮುಖವನ್ನು ಈಚೆಯಿಂದ ನೋಡಿದವರು ಈ ಸಭೆಯಲ್ಲಿ ಅನೇಕರಿರಬಹುದು. ಆ ಮುಖವು ನೀರಿನಲ್ಲಿ ಬಿದ್ದ ಬಿಂಬದಂತೆ ನಡುಗುತ್ತ, ಮುರಿಯುತ್ತ, ಮತ್ತೆ ಕೂಡುತ್ತ ಕಾಣುತ್ತದೆ. ವೈಶಾಖದ ಮಧ್ಯಾಹ್ನ ಎರೆಹೊಲದ ಮೇಲೆ ದೃಷ್ಟಿ ಹಾಯಿಸಿದರೆ ದೂರದ ಮರಗಳು ಹೀಗೆಯೇ ಅಲುಗುತ್ತವೆ. ರಾತ್ರಿಯಲ್ಲಿ ನಕ್ಷತ್ರಗಳು ಮಿನುಗುತ್ತವೆ. ಈ ಮೂರು ನೋಟಗಳಿಗೂ ಕಾರಣವೊಂದೇ. ಮನುಷ್ಯನಾಗಲಿ ಮರವಾಗಲಿ ನಕ್ಷತ್ರವಾಗಲಿ ತನ್ನ ಸ್ಥಾನದಲ್ಲಿ ಸ್ಥಿರವಾಗಿಯೇ ಇರುತ್ತದೆ; ನಡುವಣ ಗಾಳಿಯು ಅಲುಗಾಡಿ, ತನ್ನ ಮೂಲಕ ಬರುವ ಬೆಳಕನ್ನೂ ಅಲುಗಾಡಿಸುತ್ತದೆ.

ಇಂಥ ಗಾಳಿಯ ಮೂಲಕ ಬೆಳಕಿನ ಕಿರಣವೊಂದರ ಮೇಲೆ ಸುದ್ದಿಯನ್ನು ಹೊರಿಸಿ ದೂರದ ಊರಿಗೆ, ದೂರದ ಗ್ರಹದ ಬಳಿಯವರೆಗೆ ಕಳುಹಿಸುವುದು ಸಾಧ್ಯವೇ? ಸಾಧ್ಯವಾದರೆ ಅದು ದಾರಿಯಲ್ಲಿ ಕೆಡದಂತೆ ಕಾಪಾಡುವ ಬಗೆ ಯಾವುದು? ಇದೇ ಈ ಉಪನ್ಯಾಸದ ವಿಷಯವಾಗಿದೆ. ಈ ಪ್ರಶ್ನೆಯು ವಿದ್ವಾಂಸರ ಕುತೂಹಲಕ್ಕೆ ಮಾತ್ರ ಸೇರಿದುದಲ್ಲ. ಹೊಳೆಯ ಆಚೆಯ ದಡದಲ್ಲಿ ಹುಟ್ಟಿದೆನೆಂಬ ಒಂದೇ ಕಾರಣದಿಂದ ಸುದ್ದಿಗೂ ವಿದ್ಯೆಗೂ ಹಲವು ಪಟ್ಟು ಬೆಲೆ ತೆರಬೇಕಾದ ಜನರಿದ್ದಾರೆ. ಅವರ ಮಾತು ಮುಂದೆ ಬರುವುದು.

ಬೆಳಕಿನಿಂದ ಸುದ್ದಿ ಕಳುಹಿಸುವ ಪದ್ಧತಿಯು ಹೊಸದಲ್ಲ. ಕೋಟೆಯಿಂದ ಕೋಟೆಗೆ ದೀವಟಿಗೆಯ ಸನ್ನೆ ಮಾಡುವುದು ಎಲ್ಲ ದೇಶಗಳಲ್ಲಿಯೂ ಇದ್ದಿತು. ಆದರೆ ಅದನ್ನು ಒಂದು ಕ್ರಮಬದ್ಧ ವಿದ್ಯೆಯನ್ನಾಗಿ ಮಾಡಿದವನು ಫ್ರಾನ್ಸ್ ದೇಶದ ಕ್ಲೋದ್ ಶಾಪ್ ಎಂಬವನು. 1794ರಲ್ಲಿ ಪ್ಯಾರಿಸಿನಿಂದ ಲೀಲ್ ನಗರದವರೆಗೆ ಗೋಪುರಗಳ ಸಾಲೊಂದು ಅವನ ಕ್ರಮದಂತೆ ಕೆಲಸಮಾಡತೊಡಗಿತು. ಪ್ರತಿಯೊಂದು ಗೋಪುರದ ಮೇಲೆಯೂ ಮರದ ತೋಳುಗಳು; ಅವುಗಳ ಒಂದೊಂದು ಭಂಗಿಗೆ ಒಂದೊಂದು ಅರ್ಥ. ಒಂದು ಗೋಪುರದವನು ದೂರದರ್ಶಕದಿಂದ ಹಿಂದಿನ ಗೋಪುರದ ಭಂಗಿಯನ್ನು ನೋಡಿ, ತನ್ನ ತೋಳುಗಳನ್ನು ಅದೇ ಭಂಗಿಯಲ್ಲಿ ನಿಲ್ಲಿಸುತ್ತಿದ್ದನು. ಹೀಗೆ ಕುದುರೆಯ ಸವಾರನಿಗಿಂತ ಬಹಳ ಮೊದಲೇ ಗಡಿಯ ಸುದ್ದಿ ರಾಜಧಾನಿಯನ್ನು ಮುಟ್ಟುತ್ತಿತ್ತು. ಮಂಜು ಕವಿದ ದಿನ ಮಾತ್ರ ಸಾಲೆಲ್ಲವೂ ಕುರುಡಾಗುತ್ತಿತ್ತು.

ಎರಡನೆಯ ಹೆಜ್ಜೆಯು ಅಂದಿನ ಹಿಂದೂಸ್ಥಾನದ ನೆಲದಲ್ಲಿಯೇ ಇಡಲ್ಪಟ್ಟಿತು. 1869ರಲ್ಲಿ ಕರಾಚಿಯಲ್ಲಿ ತಂತಿಯ ಇಲಾಖೆಯ ಸೇವೆಯಲ್ಲಿದ್ದ ಹೆನ್ರಿ ಮ್ಯಾನ್ಸ್ ಎಂಬವನು ಸೂರ್ಯನ ಬೆಳಕನ್ನು ಕನ್ನಡಿಯಿಂದ ಹೊಳೆಯಿಸಿ ಸುದ್ದಿ ಕಳುಹಿಸುವ ಯಂತ್ರವೊಂದನ್ನು ಕಲ್ಪಿಸಿದನು. ಇದಕ್ಕೆ ಹೀಲಿಯೋಗ್ರಾಫ್ ಎಂದು ಹೆಸರು. ಕನ್ನಡಿಯನ್ನು ತುಸುವೇ ಓಲಿಸಿದರೆ ದೂರದವನಿಗೆ ಹೊಳಪು ಕಾಣುವುದು, ಬಿಟ್ಟರೆ ಮಾಯವಾಗುವುದು. ನೀಳವಾದ ಹೊಳಪು, ಗಿಡ್ಡವಾದ ಹೊಳಪು ಎಂಬ ಎರಡೇ ಗುರುತುಗಳಿಂದ ಅಕ್ಷರಗಳೆಲ್ಲವೂ ಹೋಗುತ್ತಿದ್ದವು. 1878ರಿಂದ 1880ರವರೆಗೆ ನಡೆದ ಆಫ್ಘನ್ ಯುದ್ಧದಲ್ಲಿ ಇದು ಬಹುವಾಗಿ ಬಳಕೆಯಾಯಿತು. ಅಮೇರಿಕೆಯ ಸೈನಿಕರು 1894ರಲ್ಲಿ ಎರಡು ಪರ್ವತಶಿಖರಗಳ ನಡುವೆ ಸುಮಾರು 295 ಕಿಲೋಮೀಟರ್ ದೂರ ಹೀಗೆ ಸಂಭಾಷಿಸಿದರು. ಶಿಖರಗಳ ಮೇಲೆ ಗಾಳಿ ತಿಳಿಯಾಗಿರುವುದೂ, ನೆಲದ ಕಾವು ಅಲ್ಲಿಗೆ ಮುಟ್ಟದಿರುವುದೂ ಇಂಥ ದೂರದ ನೋಟಕ್ಕೆ ಅನುಕೂಲವಾದವು.

ಮೂರನೆಯ ಹೆಜ್ಜೆಯು ಎಲ್ಲಕ್ಕಿಂತ ಆಶ್ಚರ್ಯಕರವಾದುದು. ದೂರವಾಣಿಯ ಉಪಜ್ಞೆಗಾಗಿ ಜಗತ್ಪ್ರಸಿದ್ಧನಾದ ಅಲೆಕ್ಸಾಂಡರ್ ಗ್ರಹಾಂ ಬೆಲ್ಲನು 1880ರಲ್ಲಿ ತನ್ನ ಸಹಾಯಕನಾದ ಟೇಂಟರನೊಡನೆ ಕೂಡಿ, ಮನುಷ್ಯನ ದನಿಯನ್ನೇ ಬೆಳಕಿನ ಮೇಲೆ ಏರಿಸಿ ಕಳುಹಿಸಿದನು. ಅದರ ರಚನೆ ಬಹು ಸರಳವಾಗಿತ್ತು. ತೆಳುವಾದ ಕನ್ನಡಿಯೊಂದರ ಹಿಂಬದಿಗೆ ಮಾತನಾಡಿದರೆ ದನಿಯ ಪೆಟ್ಟಿಗೆ ಆ ಕನ್ನಡಿಯು ಉಬ್ಬಿ ತಗ್ಗುವುದು. ಅದರ ಮೇಲೆ ಬಿದ್ದು ಹೊರಳಿದ ಬಿಸಿಲಿನ ಕಿರಣವು ಅದಕ್ಕೆ ತಕ್ಕಂತೆ ಹೆಚ್ಚು ಕಡಿಮೆಯಾಗುವುದು. ಆಚೆಯ ಕೊನೆಯಲ್ಲಿ ಸೆಲೆನಿಯಂ ಎಂಬ ಧಾತುವಿನ ತುಣುಕು ಇರುವುದು. ಬೆಳಕು ಹೆಚ್ಚಾದಂತೆ ಅದು ವಿದ್ಯುತ್ತಿಗೆ ಹೆಚ್ಚು ದಾರಿ ಕೊಡುವುದು. ಆ ವಿದ್ಯುತ್ತು ದೂರವಾಣಿಯ ಕಿವಿಯಲ್ಲಿ ಮತ್ತೆ ದನಿಯಾಗುವುದು. ವಾಷಿಂಗ್ಟನ್ ನಗರದ ಶಾಲೆಯೊಂದರ ಮಾಳಿಗೆಯಿಂದ ಟೇಂಟರನು ಮಾತನಾಡಿದನು. 213 ಮೀಟರ್ ದೂರದ ತನ್ನ ಪ್ರಯೋಗಶಾಲೆಯಲ್ಲಿದ್ದ ಬೆಲ್ಲನು ಅದನ್ನು ಕೇಳಿದನು. ನಡುವೆ ತಂತಿಯಿರಲಿಲ್ಲ. ತಾನು ಕಂಡುಹಿಡಿದುದರಲ್ಲೆಲ್ಲ ಇದೇ ಶ್ರೇಷ್ಠವಾದುದೆಂದು ಬೆಲ್ಲನು ಭಾವಿಸಿದ್ದನು. ದೂರವಾಣಿಯನ್ನು ಸಹ ಇದರ ಕೆಳಗೆ ಎಣಿಸಿದನು.

ಆದರೂ ಲೋಕವು ಅದನ್ನು ಕೈಹಿಡಿಯಲಿಲ್ಲ. ಮೋಡ ಬಂದರೆ ಮಾತು ನಿಲ್ಲುವುದು. ಸೂರ್ಯನು ಮುಳುಗಿದರೆ ಮಾತು ಮುಗಿಯುವುದು. ದೂರ ಹೆಚ್ಚಿದಂತೆ ಕಿರಣವು ಹರಡಿ ಬಲಹೀನವಾಗುವುದು. 1901ರಲ್ಲಿ ಮಾರ್ಕೋನಿಯ ರೇಡಿಯೋ ಸಂಜ್ಞೆಯು ಅಟ್ಲಾಂಟಿಕ್ ಸಾಗರವನ್ನು ದಾಟಿತು. ರೇಡಿಯೋ ತರಂಗಗಳು ಮಂಜನ್ನು ಲೆಕ್ಕಿಸುವುದಿಲ್ಲ. ಹಗಲಿರುಳೆಂಬ ಭೇದವಿಲ್ಲದೆ ಓಡುತ್ತವೆ. ಆದಕಾರಣ ಬೆಲ್ಲನ ಬೆಳಕಿನ ವಾಣಿಯು ಬಹುಕಾಲ ಮೂಲೆಗೆ ಸೇರಿತು.

ಅದನ್ನು ಮೂಲೆಯಿಂದ ಹೊರಗೆ ತಂದುದು ಲೇಸರ್ ಎಂಬ ದೀಪ. 1960ರ ಮೇ ತಿಂಗಳಲ್ಲಿ ಅಮೇರಿಕೆಯ ಥಿಯೋಡರ್ ಮೈಮನ್ ಎಂಬವನು ಮಾಣಿಕ್ಯದ ಕಡ್ಡಿಯೊಂದರಿಂದ ಮೊದಲ ಲೇಸರ್ ಬೆಳಕನ್ನು ಹೊರಡಿಸಿದನು. ಸಾಮಾನ್ಯ ದೀಪದ ಬೆಳಕು ಜಾತ್ರೆಯಲ್ಲಿ ಚದುರಿದ ಜನದಂತೆ ನಾನಾ ದಿಕ್ಕಿಗೆ, ನಾನಾ ಬಣ್ಣದಲ್ಲಿ ಹೋಗುತ್ತದೆ. ಲೇಸರ್ ಬೆಳಕಾದರೋ ಒಂದೇ ಬಣ್ಣ, ಒಂದೇ ಹೆಜ್ಜೆ, ಒಂದೇ ದಿಕ್ಕು ಎಂಬ ನಿಯಮದಿಂದ ಸಾಗುತ್ತದೆ. ಆದುದರಿಂದ ಅದು ಬಹುದೂರದವರೆಗೂ ಚದುರದೆ ಹೋಗಬಲ್ಲುದು.

ರೇಡಿಯೋ ಇರುವಾಗ ಬೆಳಕಿನ ಹಂಗೇಕೆ ಎಂಬ ಸಂಶಯವು ಕೇಳುವವರಲ್ಲಿ ಏಳುವುದು ಸಹಜ. ತರಂಗವು ಸೆಕೆಂಡಿಗೆ ಎಷ್ಟು ಸಲ ಕಂಪಿಸುವುದೋ ಅದಕ್ಕೆ ತಕ್ಕಷ್ಟು ಸುದ್ದಿಯನ್ನು ಹೊರಲು ಅದರಲ್ಲಿ ಅವಕಾಶವಿರುತ್ತದೆ. ರೇಡಿಯೋ ಜಾತಿಗೆ ಸೇರಿದ ಕಿರುತರಂಗವೊಂದು ಸೆಕೆಂಡಿಗೆ 1,000 ಕೋಟಿ ಸಲ ಕಂಪಿಸಿದರೆ, ಈ ಕೆಲಸಕ್ಕೆ ಬಳಸುವ, ಕಣ್ಣಿಗೆ ಕಾಣದ ಅತಿರಕ್ತ ಬೆಳಕು ಸುಮಾರು 200 ಲಕ್ಷ ಕೋಟಿ ಸಲ ಕಂಪಿಸುತ್ತದೆ. ಕಾಲುದಾರಿಗೂ ಹೆದ್ದಾರಿಗೂ ಇರುವ ಅಂತರಕ್ಕಿಂತ ಇದು ಎಷ್ಟೋ ಹೆಚ್ಚಿನದು. ಅದಲ್ಲದೆ ಬೆಳಕಿನ ಕಿರಣವು ಕಿರಿದಾಗಿರುವುದರಿಂದ ಒಬ್ಬನ ಕಿರಣವು ಇನ್ನೊಬ್ಬನ ಕಿರಣಕ್ಕೆ ಅಡ್ಡಬರುವುದಿಲ್ಲ. ಕಳುಹಿಸಿದ ಶಕ್ತಿಯೂ ವ್ಯರ್ಥವಾಗಿ ಸುತ್ತಲೂ ಚೆಲ್ಲಿಹೋಗುವುದಿಲ್ಲ.

ಈ ಗುಣಗಳನ್ನು ಅರಿತ ವಿಜ್ಞಾನಿಗಳು ಮೊದಲಿಗೆ ಗಾಳಿಯ ಗೊಡವೆಯನ್ನೇ ಬಿಟ್ಟು ಬೆಳಕನ್ನು ಗಾಜಿನ ಎಳೆಯೊಳಗೆ ಹರಿಯಿಸಿದರು. 1966ರಲ್ಲಿ ಚಾರ್ಲ್ಸ್ ಕಾವ್ ಎಂಬವನು ಅದರ ಶಕ್ಯತೆಯನ್ನು ತೋರಿಸಿದನು. 1970ರಲ್ಲಿ ತಕ್ಕಷ್ಟು ನಿರ್ಮಲವಾದ ಗಾಜಿನ ಎಳೆ ಸಿದ್ಧವಾಯಿತು. ಇಂದು ಸಮುದ್ರದ ತಳದಲ್ಲಿ ಖಂಡದಿಂದ ಖಂಡಕ್ಕೆ ಹಾಸಿರುವುದು ಇಂಥ ಎಳೆಗಳನ್ನೇ. ಆದರೆ ಎಳೆ ಹಾಸಲು ನೆಲವನ್ನು ಅಗೆಯಬೇಕು. ಚಂದ್ರನಿಗೆ ಎಳೆ ಹಾಸಲಾಗದು. ಕಡಿದಾದ ಕಣಿವೆಯ ಆಚೆಗೂ, ಆಳವಾದ ಹೊಳೆಯ ಆಚೆಗೂ ಹಾಸುವುದು ಕಷ್ಟ. ಅಂಥಲ್ಲಿ ಬೆಳಕು ಮತ್ತೆ ಬಯಲಿಗೆ ಬರಲೇಬೇಕು. ಬಯಲಿಗೆ ಬಂದ ಮೇಲೆ ಗಾಳಿಯನ್ನು ಎದುರಿಸಲೇಬೇಕು.

ಹಾಗಾದರೆ ಗಾಳಿಯು ಬೆಳಕಿಗೆ ಮಾಡುವುದಾದರೂ ಏನು? ಶೂನ್ಯದಲ್ಲಿ ಬೆಳಕಿಗೆ ಇರುವ ವೇಗವು ಗಾಳಿಯಲ್ಲಿ ಅತ್ಯಲ್ಪವಾಗಿ ಕುಂದುತ್ತದೆ: ಹತ್ತು ಸಾವಿರದಲ್ಲಿ ಸುಮಾರು ಮೂರು ಪಾಲಿನಷ್ಟು. ಬಿಸಿಯಾದ ಗಾಳಿ ವಿರಳವಾಗಿರುವುದರಿಂದ ಅದರಲ್ಲಿ ಬೆಳಕು ತುಸು ಬೇಗ ಹೋಗುತ್ತದೆ. ತಂಪಾದ ಗಾಳಿ ಸಾಂದ್ರವಾಗಿರುವುದರಿಂದ ತುಸು ತಡವಾಗಿ ಹೋಗುತ್ತದೆ. ಒಂದು ಡಿಗ್ರಿಯ ವ್ಯತ್ಯಾಸದಿಂದ ಆಗುವ ಬದಲಾವಣೆಯು ಹತ್ತು ಲಕ್ಷದಲ್ಲಿ ಒಂದು ಪಾಲು ಮಾತ್ರ. ಇಷ್ಟು ಅಲ್ಪವಾದುದನ್ನು ಲೆಕ್ಕಕ್ಕೆ ಹಿಡಿಯಬೇಕೇ ಎನ್ನಬಹುದು. ಆದರೆ ಬೆಳಕಿನ ಅಲೆಯ ಉದ್ದವೇ ಮಿಲಿಮೀಟರಿನ ಸಾವಿರದಲ್ಲಿ ಒಂದೆರಡು ಪಾಲು. ಇಂಥ ಅಲ್ಪವಾದ ವ್ಯತ್ಯಾಸಗಳನ್ನು ಅದು ಕಿಲೋಮೀಟರುಗಟ್ಟಲೆ ದಾರಿಯಲ್ಲಿ ಸಾವಿರಾರು ಸಲ ದಾಟಿದಾಗ ಅಲೆಯ ಸಾಲು ಸಂಪೂರ್ಣವಾಗಿ ಡೊಂಕಾಗುತ್ತದೆ.

ಬಿಸಿ ಗಾಳಿಯೂ ತಂಪು ಗಾಳಿಯೂ ಬೇರೆ ಬೇರೆ ನಿಲ್ಲದೆ ಸುಳಿಸುಳಿಯಾಗಿ ಬೆರೆಯುತ್ತವೆ. ಬಿಸಿಲಿಗೆ ಕಾದ ನೆಲವು ಗಾಳಿಯನ್ನು ಮೇಲಕ್ಕೆ ಎಬ್ಬಿಸುತ್ತದೆ. ಮೇಲಣ ತಂಪು ಗಾಳಿ ಕೆಳಗಿಳಿಯುತ್ತದೆ. ಇದರಿಂದ ಹತ್ತಾರು ಮೀಟರ್ ಅಗಲದ ಸುಳಿಗಳು ಹುಟ್ಟುತ್ತವೆ. ದೊಡ್ಡ ಸುಳಿಯು ಒಡೆದು ಚಿಕ್ಕ ಸುಳಿಗಳಾಗುತ್ತದೆ. ಚಿಕ್ಕವು ಇನ್ನೂ ಚಿಕ್ಕವಾಗಿ ಒಡೆಯುತ್ತವೆ. ಕೊನೆಗೆ ಕೆಲವೇ ಮಿಲಿಮೀಟರ್ ಅಳತೆಯಲ್ಲಿ ಅವುಗಳ ಶಕ್ತಿಯು ಗಾಳಿಯ ಜಿಗುಟಿನಿಂದ ಅಡಗಿಹೋಗುತ್ತದೆ. ಈ ಒಡೆಯುವಿಕೆಯಲ್ಲಿ ಯಾವ ಒಂದು ಸುಳಿಯ ಗತಿಯನ್ನೂ ಮುಂಚಿತವಾಗಿ ಹೇಳಲಾಗದು. ಆದರೂ ಸುಳಿಗಳ ಸಮೂಹಕ್ಕೆ ಒಂದು ನಿಯಮವುಂಟೆಂದು 1941ರಲ್ಲಿ ರಷ್ಯಾ ದೇಶದ ಗಣಿತಜ್ಞನಾದ ಕೊಲ್ಮೊಗೊರೊವ್ ತೋರಿಸಿಕೊಟ್ಟನು. ಯಾವ ಅಳತೆಯ ಸುಳಿಯಲ್ಲಿ ಎಷ್ಟು ಶಕ್ತಿಯಿರುವುದೆಂಬುದನ್ನು ಅವನ ಲೆಕ್ಕದಿಂದ ತಿಳಿಯಬಹುದು. ಅದೇ ದೇಶದ ಒಬುಖೋವ್, ತತಾರ್ಸ್ಕಿ ಮೊದಲಾದವರು ಈ ನಿಯಮವನ್ನು ಬೆಳಕಿನ ಸಂಚಾರಕ್ಕೆ ಹೊಂದಿಸಿ, ಇಷ್ಟು ಕ್ಷೋಭೆಯಿರುವ ಗಾಳಿಯಲ್ಲಿ ಇಷ್ಟು ದೂರ ಹೋದ ಕಿರಣವು ಎಷ್ಟು ಮಿನುಗುವುದೆಂದು ಎಣಿಸುವ ದಾರಿಯನ್ನು ಹಾಕಿಕೊಟ್ಟರು.

ಈ ಸುಳಿಗಳಿಂದ ಕಿರಣಕ್ಕೆ ಮೂರು ಬಗೆಯ ಬಾಧೆಗಳು ಒದಗುತ್ತವೆ. ಕಿರಣಕ್ಕಿಂತ ದೊಡ್ಡದಾದ ಸುಳಿಯು ಕಿರಣವನ್ನು ಇಡಿಯಾಗಿ ಪಕ್ಕಕ್ಕೆ ತಿರುಗಿಸುತ್ತದೆ. ಆಗ ಕಿರಣವು ಗುರಿಯ ಸುತ್ತ ಅಲೆಯುತ್ತದೆ. ಕಿರಣಕ್ಕಿಂತ ಚಿಕ್ಕದಾದ ಸುಳಿಗಳು ಅದನ್ನು ಒಳಗಿನಿಂದ ಚದುರಿಸಿ ಅಗಲಮಾಡುತ್ತವೆ. ಅಲ್ಲದೆ ಚದುರಿದ ಪಾಲುಗಳು ಮುಂದೆ ಒಂದನ್ನೊಂದು ಕೂಡಿದಲ್ಲಿ ಬೆಳಕು ಹೆಚ್ಚಾಗಿಯೂ, ಒಂದನ್ನೊಂದು ಅಳಿಸಿದಲ್ಲಿ ಕತ್ತಲೆಯಾಗಿಯೂ ಕಾಣುತ್ತದೆ. ನಕ್ಷತ್ರದ ಮಿನುಗು ಈ ಮೂರನೆಯದೇ ಆಗಿದೆ. ಮಿನುಗಿನಲ್ಲಿ ಬೆಳಕು ಕುಂದುವ ಕ್ಷಣವು ಸೆಕೆಂಡಿನ ನೂರನೆಯ ಒಂದು ಪಾಲಿನಷ್ಟಿರಬಹುದು. ಕಣ್ಣಿಗೆ ಇದೊಂದು ಸೊಗಸು. ಆದರೆ ಸೆಕೆಂಡಿಗೆ 100 ಕೋಟಿ ಸಂಜ್ಞೆಗಳನ್ನು ಹೊತ್ತ ಕಿರಣವು ಅಷ್ಟು ಹೊತ್ತು ಕುಂದಿದರೆ 1 ಕೋಟಿ ಸಂಜ್ಞೆಗಳು ಒಮ್ಮೆಲೆ ನಷ್ಟವಾಗುತ್ತವೆ.

ಗಾಳಿಯನ್ನು ನಿಲ್ಲಿಸುವ ಶಕ್ತಿ ಯಾರಿಗೂ ಇಲ್ಲ. ಆದಕಾರಣ ವಿಜ್ಞಾನಿಗಳು ಗಾಳಿಯನ್ನು ತಿದ್ದುವ ಆಸೆಯನ್ನು ಬಿಟ್ಟು, ಕಿರಣವನ್ನೂ ಸಂದೇಶವನ್ನೂ ತಿದ್ದುವ ಉಪಾಯಗಳನ್ನು ಹುಡುಕಿದರು. ಅವುಗಳಲ್ಲಿ ಮುಖ್ಯವಾದವುಗಳನ್ನು ಒಂದೊಂದಾಗಿ ವಿಚಾರಿಸಬಹುದು.

ಮೊದಲನೆಯ ಉಪಾಯವನ್ನು ಆಕಾಶವೇ ಕಲಿಸುತ್ತದೆ. ನಕ್ಷತ್ರಗಳು ಮಿನುಗುತ್ತವೆ, ಗುರು ಶುಕ್ರ ಮೊದಲಾದ ಗ್ರಹಗಳು ಹೆಚ್ಚಾಗಿ ಮಿನುಗುವುದಿಲ್ಲ. ನಕ್ಷತ್ರವು ಬಹುದೂರವಿರುವುದರಿಂದ ಬರಿಯ ಬಿಂದುವಾಗಿದೆ. ಗ್ರಹವು ಸಮೀಪವಿರುವುದರಿಂದ ಅದಕ್ಕೆ ತುಸು ಅಗಲವುಂಟು. ಅಗಲದ ಒಂದು ಭಾಗದಿಂದ ಬಂದ ಬೆಳಕು ಕುಂದಿದಾಗ ಇನ್ನೊಂದು ಭಾಗದ ಬೆಳಕು ಹೆಚ್ಚಿರುತ್ತದೆ. ಒಟ್ಟಿನಲ್ಲಿ ಬೆಳಕು ಸಮವಾಗುತ್ತದೆ. ಅದರಂತೆಯೇ ಬೆಳಕನ್ನು ಹಿಡಿಯುವ ಮಸೂರವನ್ನು ದೊಡ್ಡದು ಮಾಡಿದರೆ ಅದರ ಮೇಲೆ ಬೀಳುವ ಬೆಳಕು ಕತ್ತಲೆಗಳ ತೇಪೆಗಳು ಸರಿದೂಗಿ ಮಿನುಗು ತಗ್ಗುತ್ತದೆ. ಕಳುಹಿಸುವ ಕಡೆಯಲ್ಲಿಯೂ ಒಂದರ ಬದಲು ಹಲವು ಕಿರಣಗಳನ್ನು ತುಸು ದೂರದೂರದಿಂದ ಬಿಟ್ಟರೆ ಅವು ಬೇರೆ ಬೇರೆ ಸುಳಿಗಳನ್ನು ದಾಟುತ್ತವೆ. ಎಲ್ಲವೂ ಒಂದೇ ಕ್ಷಣದಲ್ಲಿ ಕುಂದುವುದು ಅಪರೂಪ.

ಎರಡನೆಯ ಉಪಾಯವು ಬರೆವಣಿಗೆಗೆ ಸಂಬಂಧಿಸಿದುದು. ತಾಡವೋಲೆಯ ಕಟ್ಟಿನಲ್ಲಿ ಒಂದು ಗರಿಯನ್ನು ಗೆದ್ದಲು ತಿಂದರೆ ಆ ಗರಿಯಲ್ಲಿದ್ದ ಮಾತೆಲ್ಲವೂ ಹೋಯಿತು. ಆದರೆ ಒಂದು ಗರಿಯ ಅಕ್ಷರಗಳನ್ನು ನೂರು ಗರಿಗಳಲ್ಲಿ ಹಂಚಿ ಬರೆದು, ಪ್ರತಿಯೊಂದು ಸಾಲಿಗೂ ಕೆಲವು ಪರೀಕ್ಷಾಕ್ಷರಗಳನ್ನು ಜೋಡಿಸಿದ್ದರೆ, ಗೆದ್ದಲು ತಿಂದ ಗರಿಯಿಂದ ಪ್ರತಿ ಸಾಲಿಗೂ ಒಂದೆರಡು ಅಕ್ಷರಗಳಷ್ಟೇ ನಷ್ಟವಾಗುವುವು. ಅವುಗಳನ್ನು ಉಳಿದ ಅಕ್ಷರಗಳ ಬಲದಿಂದ ಊಹಿಸಿ ತುಂಬಬಹುದು. 1948ರಲ್ಲಿ ಕ್ಲಾಡ್ ಶಾನನ್ ಎಂಬವನು, ಎಷ್ಟೇ ಗದ್ದಲದ ದಾರಿಯಾದರೂ ಅದಕ್ಕೆ ಒಂದು ಮಿತಿಯುಂಟೆಂತಲೂ, ಆ ಮಿತಿಯೊಳಗೆ ತಪ್ಪುಗಳನ್ನು ಬೇಕಾದಷ್ಟು ತಗ್ಗಿಸಿ ಸುದ್ದಿ ಕಳುಹಿಸಬಹುದೆಂತಲೂ ಗಣಿತದಿಂದ ಸಿದ್ಧಪಡಿಸಿದನು. 1950ರಲ್ಲಿ ರಿಚರ್ಡ್ ಹ್ಯಾಮಿಂಗ್ ಎಂಬವನು ತನ್ನ ತಪ್ಪನ್ನು ತಾನೇ ತಿದ್ದಿಕೊಳ್ಳುವ ಸಂಕೇತಲಿಪಿಯನ್ನು ಪ್ರಕಟಿಸಿದನು. ಇವರಿಬ್ಬರೂ ಕೆಲಸಮಾಡಿದುದು ಬೆಲ್ಲನ ಹೆಸರಿನ ಪ್ರಯೋಗಶಾಲೆಯಲ್ಲಿಯೇ. ಬೆಲ್ಲನ ಬೆಳಕಿನ ವಾಣಿಗೆ ಅಂದು ಇಲ್ಲದ ಊರುಗೋಲು ಎಪ್ಪತ್ತು ವರ್ಷಗಳ ತರುವಾಯ ಹೀಗೆ ಆ ಮನೆಯಲ್ಲಿಯೇ ಸಿದ್ಧವಾಯಿತು.

ಮೂರನೆಯ ಉಪಾಯವು ಎಲ್ಲಕ್ಕಿಂತ ಸೂಕ್ಷ್ಮವಾದುದು. ನೂರು ಜನರು ಅಡ್ಡಸಾಲಿನಲ್ಲಿ ಸಮಹೆಜ್ಜೆ ಹಾಕುತ್ತ ಬರುತ್ತಿರುವರೆಂದು ಭಾವಿಸಬೇಕು. ದಾರಿಯಲ್ಲಿ ಅಲ್ಲಲ್ಲಿ ಕೆಸರುಂಟು. ಕೆಸರು ತುಳಿದವರು ಹಿಂದೆ ಬೀಳುತ್ತಾರೆ, ಸಾಲು ಡೊಂಕಾಗುತ್ತದೆ. ಯಾರು ಎಷ್ಟು ಹಿಂದೆ ಬಿದ್ದರೆಂಬುದನ್ನು ನೋಡಿ, ಅವರಿಗೆ ಅಷ್ಟು ಹತ್ತಿರದ ದಾರಿಯನ್ನು ಕೊಟ್ಟರೆ ಸಾಲು ಮತ್ತೆ ನೆಟ್ಟಗಾಗುವುದಲ್ಲವೇ? ಬೆಳಕಿನ ಅಲೆಗೂ ಹೀಗೆಯೇ ಮಾಡುತ್ತಾರೆ. ಬಗ್ಗುವ ಕನ್ನಡಿಯೊಂದರ ಹಿಂದೆ ಹಲವು ಸಣ್ಣ ಒತ್ತುಗೋಲುಗಳಿರುತ್ತವೆ. ಅಲೆಯು ಎಲ್ಲಿ ಹಿಂದೆ ಬಿದ್ದಿದೆಯೋ ಅಲ್ಲಿ ಕನ್ನಡಿಯು ಮುಂದಕ್ಕೆ ಉಬ್ಬಿ ಅದರ ದಾರಿಯನ್ನು ಕಡಿಮೆ ಮಾಡುತ್ತದೆ. ಗಾಳಿಯು ಕ್ಷಣಕ್ಷಣವೂ ಬದಲಾಗುವುದರಿಂದ ಈ ಅಳತೆಯೂ ತಿದ್ದುಪಡಿಯೂ ಸೆಕೆಂಡಿಗೆ ನೂರಾರು, ಸಾವಿರಾರು ಸಲ ನಡೆಯಬೇಕು. ಗಾಳಿಯ ನಡುಕವು ದೂರದರ್ಶಕಗಳಿಗೆ ದೊಡ್ಡ ವಿಘ್ನವೆಂದು ನ್ಯೂಟನ್ ಮಹಾಶಯನು 1704ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಹೇಳಿ, ಎತ್ತರದ ಬೆಟ್ಟಗಳ ತಿಳಿಗಾಳಿಯಲ್ಲಲ್ಲದೆ ಇದಕ್ಕೆ ಪರಿಹಾರವಿಲ್ಲವೆಂದು ಭಾವಿಸಿದ್ದನು. 1953ರಲ್ಲಿ ಹೊರೇಸ್ ಬ್ಯಾಬ್‌ಕಾಕ್ ಎಂಬ ಖಗೋಳಜ್ಞನು ಕನ್ನಡಿಯಿಂದ ತಿದ್ದುವ ಈ ವಿಚಾರವನ್ನು ಮುಂದಿಟ್ಟನು. ಅದನ್ನು ನಡೆಸಲು ಬೇಕಾದಷ್ಟು ವೇಗದ ಗಣಕಯಂತ್ರಗಳು ಆಗ ಇರಲಿಲ್ಲ. 1989ರಲ್ಲಿ ಫ್ರಾನ್ಸಿನ ಓತ್ ಪ್ರೊವಾನ್ಸ್ ವೀಕ್ಷಣಾಲಯದಲ್ಲಿ ಯುರೋಪಿನ ವಿಜ್ಞಾನಿಗಳು ಇದನ್ನು ನಕ್ಷತ್ರವೀಕ್ಷಣೆಗೆ ಪ್ರಯೋಗಿಸಿ ಸಫಲರಾದರು.

ಈ ಉಪಾಯಗಳ ಫಲವು 2013ರಲ್ಲಿ ಲೋಕಕ್ಕೆ ಗೋಚರವಾಯಿತು. ಆ ವರ್ಷ ಅಮೇರಿಕೆಯ ನಾಸಾ ಸಂಸ್ಥೆಯು ಚಂದ್ರನ ಸುತ್ತ ತಿರುಗುತ್ತಿದ್ದ ತನ್ನ ನೌಕೆಯಿಂದ ಸುಮಾರು 3,85,000 ಕಿಲೋಮೀಟರ್ ದೂರದ ಭೂಮಿಗೆ ಸೆಕೆಂಡಿಗೆ 622 ಮೆಗಾಬಿಟ್, ಎಂದರೆ 62 ಕೋಟಿಗೂ ಮಿಕ್ಕಿದ ಸಂಜ್ಞೆಗಳನ್ನು ಬೆಳಕಿನಿಂದ ತರಿಸಿಕೊಂಡಿತು. ನೌಕೆಯ ದೂರದರ್ಶಕದ ಅಗಲವು 10 ಸೆಂಟಿಮೀಟರ್ ಮಾತ್ರ. ದೀಪದ ಬಲವು ಅರ್ಧ ವಾಟ್ ಮಾತ್ರ. ಭೂಮಿಯಿಂದ ಮೇಲಕ್ಕೆ ಸೆಕೆಂಡಿಗೆ 20 ಮೆಗಾಬಿಟ್ ಸುದ್ದಿ ಹೋಯಿತು. ಮೇಲಕ್ಕೆ ಹೋಗುವ ಕಿರಣಕ್ಕೆ ಒಂದು ವಿಶೇಷವಾದ ಕಷ್ಟವಿದೆ. ಕೆಳಗಿಳಿಯುವ ಕಿರಣವು ದಾರಿಯ ಕೊನೆಯ ಕೆಲವು ಕಿಲೋಮೀಟರುಗಳಲ್ಲಿ ಮಾತ್ರ ಗಾಳಿಯನ್ನು ಸೇರುತ್ತದೆ; ಆಗ ಎಷ್ಟು ಡೊಂಕಾದರೂ ಗುರಿ ತಪ್ಪುವಷ್ಟು ದಾರಿ ಉಳಿದಿರುವುದಿಲ್ಲ. ಮೇಲೇರುವ ಕಿರಣವಾದರೋ ಹೊರಟ ಕೂಡಲೇ ಗಾಳಿಯ ಪೆಟ್ಟು ತಿನ್ನುತ್ತದೆ. ಬಾಣವನ್ನು ಬಿಡುವಾಗಲೇ ಕೈ ನಡುಗಿದಂತೆ, ಆರಂಭದ ಅಲ್ಪ ಡೊಂಕು ಕೊನೆಯಲ್ಲಿ ದೊಡ್ಡದಾಗುತ್ತದೆ. ಆದುದರಿಂದಲೇ ಅಲ್ಲಿ ಒಂದರ ಬದಲು ನಾಲ್ಕು ದೂರದರ್ಶಕಗಳಿಂದ ನಾಲ್ಕು ಕಿರಣಗಳನ್ನು ಕಳುಹಿಸಿದರು. ಸಂಜ್ಞೆಗಳನ್ನು ತಾಡವೋಲೆಯ ದೃಷ್ಟಾಂತದಂತೆ ಕಾಲದಲ್ಲಿ ಹಂಚಿದರು.

ಹತ್ತು ವರ್ಷಗಳ ತರುವಾಯ ಇದೇ ಸಂಸ್ಥೆಯ ಸೈಕಿ ಎಂಬ ನೌಕೆಯು 2023ರ ಅಕ್ಟೋಬರ್ ತಿಂಗಳಲ್ಲಿ ಹೊರಟಿತು. ಆ ವರ್ಷದ ಡಿಸೆಂಬರ್ 11ರಂದು ಅದು 3 ಕೋಟಿ 10 ಲಕ್ಷ ಕಿಲೋಮೀಟರ್ ದೂರದಿಂದ ಬೆಕ್ಕೊಂದರ ಆಟದ ಚಲಚ್ಚಿತ್ರವನ್ನು ಸೆಕೆಂಡಿಗೆ 267 ಮೆಗಾಬಿಟ್‌ಗಳಂತೆ ಕಳುಹಿಸಿತು. ಬೆಳಕು ಆ ದಾರಿಯನ್ನು ಸವೆಸಲು 101 ಸೆಕೆಂಡುಗಳು ಹಿಡಿದವು. ಪಾಲೋಮಾರ್ ಬೆಟ್ಟದ ಮೇಲಿನ ಐದು ಮೀಟರ್ ಅಗಲದ ಕನ್ನಡಿಯುಳ್ಳ ದೂರದರ್ಶಕವು ಅದನ್ನು ಹಿಡಿಯಿತು. 2024ರ ಜುಲೈ ತಿಂಗಳಲ್ಲಿ ನೌಕೆಯು 46 ಕೋಟಿ ಕಿಲೋಮೀಟರ್ ದೂರವಿದ್ದಾಗಲೂ ಬೆಳಕಿನ ಸಂಪರ್ಕವು ಸಾಧ್ಯವಾಯಿತು. ಅಷ್ಟು ದೂರದ ಶೂನ್ಯವು ಕಿರಣವನ್ನು ಹರಡಿ ಕ್ಷೀಣಗೊಳಿಸಿತೇ ಹೊರತು ನಡುಗಿಸಲಿಲ್ಲ. ಅದನ್ನು ನಡುಗಿಸಿದುದು ಭೂಮಿಯ ಮೇಲಿನ ಕೆಲವೇ ಕಿಲೋಮೀಟರ್ ದಪ್ಪದ ಗಾಳಿಯ ಹೊದಿಕೆ.

ನೆಲದ ಮೇಲಿನ ಕೆಲಸವು ಒಂದು ದೃಷ್ಟಿಯಿಂದ ಇದಕ್ಕಿಂತ ಕಠಿಣವಾದುದು. ಏಕೆಂದರೆ ಅಲ್ಲಿ ದಾರಿಯುದ್ದಕ್ಕೂ ಗಾಳಿಯೇ. ಅದೂ ನೆಲದ ಸಮೀಪದ, ಅತ್ಯಂತ ಕ್ಷೋಭೆಗೊಂಡ ಗಾಳಿ. ಆಫ್ರಿಕಾ ಖಂಡದ ಕಾಂಗೋ ನದಿಯ ಎರಡು ದಡಗಳಲ್ಲಿ ಬ್ರಾಝವಿಲ್ ಮತ್ತು ಕಿನ್ಶಾಸಾ ಎಂಬ ಎರಡು ರಾಜಧಾನಿಗಳು ಒಂದನ್ನೊಂದು ನೋಡುತ್ತ ನಿಂತಿವೆ. ನಡುವಣ ಅಂತರವು 4.8 ಕಿಲೋಮೀಟರ್ ಮಾತ್ರ. ಆದರೆ ನದಿಯು ಲೋಕದಲ್ಲಿಯೇ ಅತಿ ಆಳವಾದುದು. ಅದರ ಸೆಳವೂ ಪ್ರಬಲವಾದುದು. ಗಾಜಿನ ಎಳೆಯು 400 ಕಿಲೋಮೀಟರಿಗೂ ಮಿಕ್ಕಿ ಸುತ್ತಿ ಬರಬೇಕಾಗಿತ್ತು. ಇದರ ಪರಿಣಾಮವಾಗಿ ಒಂದು ದಡದ ಸಂಪರ್ಕಕ್ಕಿಂತ ಕಿನ್ಶಾಸಾದ ಸಂಪರ್ಕಕ್ಕೆ ಐದು ಪಟ್ಟು ಬೆಲೆಯಾಗಿತ್ತು. ಆಚೆಯ ದಡದ ವಿದ್ಯಾರ್ಥಿಗೆ ಸುಲಭವಾಗಿ ದೊರೆತುದು, ಕಣ್ಣಿಗೆ ಕಾಣುವಷ್ಟು ಹತ್ತಿರದ ಈಚೆಯ ದಡದ ವಿದ್ಯಾರ್ಥಿಗೆ ದುಬಾರಿಯಾಗಿತ್ತು.

2021ರಲ್ಲಿ ತಾರಾ ಎಂಬ ಹೆಸರಿನ ಯೋಜನೆಯವರು ಈ ಎರಡು ನಗರಗಳಲ್ಲಿ ಎತ್ತರದ ಸ್ಥಾನಗಳ ಮೇಲೆ ಬೆಳಕಿನ ಯಂತ್ರಗಳನ್ನು ಎದುರುಬದುರಾಗಿ ನಿಲ್ಲಿಸಿ, ನದಿಯ ಮೇಲೆ ಕಿರಣದ ಸೇತುವೆಯನ್ನು ಕಟ್ಟಿದರು. ಈ ಯೋಜನೆಯು ಮೊದಲು ಆಕಾಶದಲ್ಲಿ ತೇಲುವ ಬಲೂನುಗಳ ನಡುವೆ ಬೆಳಕಿನಿಂದ ಸುದ್ದಿ ಕಳುಹಿಸುವ ಪ್ರಯತ್ನದಿಂದ ಹುಟ್ಟಿದುದು. ಬಲೂನುಗಳ ಉದ್ಯಮವು 2021ರಲ್ಲಿ ಮುಚ್ಚಿಹೋಯಿತು, ಬೆಳಕಿನ ವಿದ್ಯೆ ಉಳಿಯಿತು. ಯಂತ್ರದೊಳಗಿನ ಕನ್ನಡಿಗಳು ಗೋಪುರದ ತೂಗಾಟವನ್ನೂ ಗಾಳಿಯ ಡೊಂಕನ್ನೂ ಅನುಸರಿಸಿ ತಾವೇ ತಿರುಗಿ ಕಿರಣವನ್ನು ಗುರಿಯ ಮೇಲೆ ನಿಲ್ಲಿಸುತ್ತವೆ. ಬೆಳಕು ಕುಂದಿದರೆ ಸುದ್ದಿಯ ವೇಗವನ್ನು ತಗ್ಗಿಸಿ ಸಂಪರ್ಕವು ಹರಿಯದಂತೆ ನೋಡಿಕೊಳ್ಳುತ್ತವೆ. ಆ ಸೇತುವೆಯ ಮೇಲೆ ಸೆಕೆಂಡಿಗೆ 20 ಗಿಗಾಬಿಟ್‌ಗಳವರೆಗೆ ಸುದ್ದಿ ಹೋಗಬಲ್ಲುದಾಗಿತ್ತು. ಇಪ್ಪತ್ತು ದಿನಗಳಲ್ಲಿ ಸುಮಾರು 700 ಟೆರಾಬೈಟ್ ಸುದ್ದಿ ದಾಟಿತೆಂತಲೂ, ಕಾಲದಲ್ಲಿ ಶೇಕಡಾ 99.9 ಪಾಲು ಸಂಪರ್ಕವು ಉಳಿದಿತ್ತೆಂತಲೂ ಅವರು ಪ್ರಕಟಿಸಿದರು. ಇಪ್ಪತ್ತು ದಿನಗಳಲ್ಲಿ ನಷ್ಟವಾದುದು ಸುಮಾರು ಅರ್ಧ ಗಂಟೆ ಎಂದಾಯಿತು.

ಈ ವಿದ್ಯೆಯು ಕನ್ನಡನಾಡಿಗೂ ದೂರದ್ದಲ್ಲ. ಸರ್ ಸಿ. ವಿ. ರಾಮನ್ನರು ಬೆಂಗಳೂರಿನಲ್ಲಿ ಸ್ಥಾಪಿಸಿದ ಸಂಶೋಧನಾ ಸಂಸ್ಥೆಯಲ್ಲಿ 2021ರಲ್ಲಿ ಎರಡು ಕಟ್ಟಡಗಳ ನಡುವೆ, ತೆರೆದ ಗಾಳಿಯ ಮೂಲಕ, ಬೆಳಕಿನ ಬಿಡಿ ಕಣಗಳ ಮೇಲೆ ಗುಪ್ತವಾದ ಕೀಲಿಯನ್ನು ಕಳುಹಿಸುವ ಪ್ರಯೋಗವು ನಡೆಯಿತು. ಅದೇ ವರ್ಷದ ಮಾರ್ಚ್ ತಿಂಗಳಲ್ಲಿ ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯವರು ಅಹಮದಾಬಾದಿನಲ್ಲಿ 300 ಮೀಟರ್ ಅಂತರದಲ್ಲಿ ಇಂಥ ಪ್ರಯೋಗವನ್ನು ಮಾಡಿ ತೋರಿಸಿದರು. ಬಿಡಿ ಕಣದ ಮೇಲೆ ಕಳುಹಿಸಿದ ಕೀಲಿಯನ್ನು ನಡುವೆ ಕದ್ದು ನೋಡಿದರೆ ಅದರ ಗುರುತು ಉಳಿಯುತ್ತದೆ. ಇದೇ ಅದರ ಪ್ರಯೋಜನ. ಇಲ್ಲಿ ಕಿರಣಕ್ಕೆ ದಾರಿಯಲ್ಲಿ ಬಲ ತುಂಬುವಂತಿಲ್ಲ. ಆದಕಾರಣ ಗಾಳಿಯ ಸ್ವಭಾವವನ್ನು ಇನ್ನೂ ಸೂಕ್ಷ್ಮವಾಗಿ ಅರಿಯಬೇಕಾಗುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ ಈ ವಿದ್ಯೆಯ ಮಿತಿಯನ್ನು ಮುಚ್ಚಿಡುವುದು ಯೋಗ್ಯವಲ್ಲ. ಗಾಳಿಯ ಸುಳಿ ಬೇರೆ, ಮಂಜು ಬೇರೆ. ಸುಳಿಯು ಬೆಳಕನ್ನು ಡೊಂಕು ಮಾಡುತ್ತದೆ. ಡೊಂಕಾದುದನ್ನು ನೆಟ್ಟಗೆ ಮಾಡಬಹುದು, ಕ್ಷಣಕಾಲ ಕಳೆದುದನ್ನು ಲೆಕ್ಕದಿಂದ ತುಂಬಬಹುದು. ಮಂಜಿನಲ್ಲಾದರೋ ಎಣಿಕೆಯಿಲ್ಲದಷ್ಟು ಸೂಕ್ಷ್ಮ ಹನಿಗಳಿರುತ್ತವೆ. ಒಂದೊಂದು ಹನಿಯೂ ಬೆಳಕನ್ನು ನಾನಾ ದಿಕ್ಕಿಗೆ ಚೆಲ್ಲುತ್ತದೆ. ಮಳೆಯ ಹನಿಗಳು ದೊಡ್ಡವಾದರೂ ವಿರಳವಾಗಿರುವುದರಿಂದ ಅವುಗಳ ಬಾಧೆಯು ಇದಕ್ಕಿಂತ ಕಡಿಮೆ. ದಟ್ಟವಾದ ಮಂಜಿನಲ್ಲಿ ಕಿರಣವು ಕೆಲವು ನೂರು ಮೀಟರುಗಳೊಳಗೇ ಅಡಗಿಹೋಗುತ್ತದೆ. ಬಯಲುಸೀಮೆಯ ಉರಿಬಿಸಿಲಿನಲ್ಲಿ ನಡುಗುವ ಕಿರಣವನ್ನು ತಿದ್ದಬಹುದು. ಮಲೆನಾಡಿನ ಆಷಾಢದ ಮಂಜಿನಲ್ಲಿ ಕಾಣೆಯಾದ ಕಿರಣವನ್ನು ಯಾವ ಕನ್ನಡಿಯೂ ಮರಳಿ ತರಲಾರದು. ಒಂದು ಸಮಾಧಾನವೇನೆಂದರೆ, ಸುಳಿಗಳ ಕಾಲ ಕಾದ ಮಧ್ಯಾಹ್ನವಾದರೆ ಮಂಜಿನ ಕಾಲ ಹೆಚ್ಚಾಗಿ ತಣ್ಣನೆಯ ನಸುಕು. ಎರಡು ವಿಘ್ನಗಳೂ ಒಟ್ಟಿಗೆ ಬರುವುದು ವಿರಳ.

ಮಂಜಿಗೂ ಮೋಡಕ್ಕೂ ತಕ್ಕ ಉಪಾಯವು ಬೇರೊಂದು ದಾರಿಯನ್ನು ಸಿದ್ಧವಾಗಿಟ್ಟುಕೊಳ್ಳುವುದೇ ಆಗಿದೆ. 2021ರ ಡಿಸೆಂಬರ್ 7ರಂದು ನಾಸಾ ಸಂಸ್ಥೆಯವರು ಬೆಳಕಿನ ಸಂಪರ್ಕಕ್ಕೆಂದು ಆಕಾಶಕ್ಕೆ ಏರಿಸಿದ ಉಪಕರಣಕ್ಕೆ ನೆಲದ ಮೇಲೆ ಎರಡು ಠಾಣ್ಯಗಳನ್ನು ಏರ್ಪಡಿಸಿದರು: ಒಂದು ಕ್ಯಾಲಿಫೋರ್ನಿಯದ ಬೆಟ್ಟದಲ್ಲಿ, ಇನ್ನೊಂದು ಸಾವಿರಾರು ಕಿಲೋಮೀಟರ್ ದೂರದ ಹವಾಯಿ ದ್ವೀಪಸಮೂಹದ ಶಿಖರದಲ್ಲಿ. ಒಂದರ ಮೇಲೆ ಮೋಡ ಕವಿದಾಗ ಇನ್ನೊಂದರ ಆಕಾಶವು ತಿಳಿಯಾಗಿರಬಹುದೆಂಬುದೇ ಇದರ ಉದ್ದೇಶ. ನೆಲದ ಮೇಲಿನ ಕಿರಣಗಳಿಗೂ ರೇಡಿಯೋ ತರಂಗವನ್ನು ಜೊತೆಗಾರನನ್ನಾಗಿ ಇಡುವುದುಂಟು. ಬೆಳಕು ನಿಂತಾಗ ಅದು ನಿಧಾನವಾಗಿಯಾದರೂ ಸುದ್ದಿಯನ್ನು ಮುಟ್ಟಿಸುತ್ತದೆ.

ಈ ಚರಿತ್ರೆಯಿಂದ ತಿಳಿಯತಕ್ಕ ಮುಖ್ಯ ಅಂಶವು ಒಂದೇ ಆಗಿದೆ. ಬೆಲ್ಲನ ಕಾಲಕ್ಕೂ ಈ ಕಾಲಕ್ಕೂ ಗಾಳಿಯ ಸ್ವಭಾವವು ಬದಲಾಗಲಿಲ್ಲ. ಅದು ಅಂದು ಎಷ್ಟು ಚಂಚಲವಾಗಿತ್ತೋ ಇಂದೂ ಅಷ್ಟೇ ಚಂಚಲವಾಗಿದೆ. ಬದಲಾದುದು ಅದರ ಬಗೆಗಿನ ಮನುಷ್ಯನ ತಿಳಿವಳಿಕೆ. ಚಂಚಲತೆಗೂ ಒಂದು ಲೆಕ್ಕವಿದೆಯೆಂದು ಒಬ್ಬನು ತೋರಿಸಿದನು. ಕಳೆದ ಅಕ್ಷರವನ್ನು ಉಳಿದ ಅಕ್ಷರಗಳಿಂದ ಪಡೆಯಬಹುದೆಂದು ಇನ್ನೊಬ್ಬನು ತೋರಿಸಿದನು. ಡೊಂಕಿಗೆ ಎದುರು ಡೊಂಕನ್ನು ಒಡ್ಡಬಹುದೆಂದು ಮತ್ತೊಬ್ಬನು ತೋರಿಸಿದನು. ಇವರಲ್ಲಿ ಹೆಚ್ಚಿನವರು ಕಾಂಗೋ ನದಿಯ ದಡದ ವಿದ್ಯಾರ್ಥಿಯನ್ನು ಕಂಡವರಲ್ಲ, ನೆನೆದವರೂ ಅಲ್ಲ. ಆದರೂ ಅವರ ಲೆಕ್ಕಗಳೆಲ್ಲ ಕೂಡಿ ಕೊನೆಗೆ ಅವನ ಮನೆಯ ಬಾಗಿಲಿಗೆ ಸುದ್ದಿಯ ದಾರಿಯನ್ನು ತಂದವು. ನಮ್ಮ ನಾಡಿನ ತರುಣರಲ್ಲಿ ಗಣಿತ, ಪದಾರ್ಥವಿಜ್ಞಾನಗಳನ್ನು ಅಭ್ಯಸಿಸುವವರು ಬಯಲಿನ ಬಿಸಿಲನ್ನೂ ಮಲೆಯ ಮಂಜನ್ನೂ ಅಳೆಯುವ ಕೆಲಸಕ್ಕೆ ಕೈಹಾಕಿದರೆ, ಅವರಿಗೆ ಮಾಡಲು ಬೇಕಾದಷ್ಟು ಕೆಲಸ ಇಲ್ಲಿಯೇ ಇದೆ. ಇಷ್ಟನ್ನು ಸಭೆಯ ಮುಂದೆ ಅರಿಕೆ ಮಾಡಿ ಈ ಉಪನ್ಯಾಸವನ್ನು ಮುಗಿಸಲಾಗುವುದು.